ಜುಟ್ಟಿನ ಉದ್ದಕ್ಕೊಂದು ಪದಕ

ಕಟ್ಟಡದ ನೆತ್ತಿಯ ಮೇಲೆ ನೆಟ್ಟ ಕಂಬ ಶಿಖರವೋ, ಆಂಟೆನಾವೋ? ನಿಮಗೂ ನನಗೂ ಇದು ನಿದ್ದೆಗೆಡಿಸುವ ಪ್ರಶ್ನೆಯಲ್ಲ. ಆದರೆ 2013ರ ನವೆಂಬರಿನಲ್ಲಿ ಶಿಕಾಗೊದಲ್ಲಿ ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು, ಎಂಜಿನಿಯರುಗಳು ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪಂಚಾಯ್ತಿ ಕೂತರು. ವ್ಯಾಜ್ಯ ನ್ಯೂಯಾರ್ಕಿನ ಒನ್ ವರ್ಲ್ಡ್ ಟ್ರೇಡ್ ಸೆಂಟರಿನದು. ಕಂಬ ಸೇರಿಸಿದರೆ ಅದರ ಎತ್ತರ 541 ಮೀಟರ್, ಬಿಟ್ಟರೆ 417. ಸೇರಿಸಿದರೆ ಅಮೆರಿಕಕ್ಕೇ ದೊಡ್ಡಣ್ಣ. ಬಿಟ್ಟರೆ ಅದೇ ಶಿಕಾಗೊದ 442 ಮೀಟರಿನ ವಿಲ್ಲಿಸ್ ಟವರ್ ಪಕ್ಕದಲ್ಲಿ ಗಿಡ್ಡ. ಕಂಬಕ್ಕೆ ತೊಡಿಸಬೇಕೆಂದಿದ್ದ ಅಂದದ ಕವಚವನ್ನು ಮಾಲೀಕರು ನಿರ್ವಹಣೆಯ ಕಷ್ಟ ಹೇಳಿ ಮೊದಲೇ ಕೈಬಿಟ್ಟಿದ್ದರು. ಉಳಿದದ್ದು ಬೋಳು ಉಕ್ಕು. ಪಂಚರು ಅಳೆದೂ ಸುರಿದೂ, ಇದು ಶಿಖರವೇ ಸೈ ಎಂದು ತೀರ್ಪಿತ್ತರು.

ಆ 541 ಮೀಟರನ್ನು ಅಡಿಗೆ ಇಳಿಸಿದರೆ 1776. ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡ ಇಸವಿ. ಪಂಚರು ಮನಸ್ಸು ಕಲ್ಲು ಮಾಡಿಕೊಂಡು ಆಂಟೆನಾ ಅಂದುಬಿಟ್ಟಿದ್ದರೆ ಕಟ್ಟಡ 1368 ಅಡಿಗೇ ನಿಂತು, ಅಮೆರಿಕಕ್ಕೆ ಕೊಲಂಬಸ್ ಹುಟ್ಟುವ ಮೊದಲೇ ಸ್ವಾತಂತ್ರ್ಯ ಬಂದುಬಿಡುತ್ತಿತ್ತು.

ಹೀಗೆ ತೀರ್ಪು ಕೊಡುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು ಎಂದು ಕೇಳಬೇಡಿ. ಲಿನ್ ಬೀಡಲ್ ಎಂಬ ಪ್ರಾಧ್ಯಾಪಕರು ಪೆನ್ಸಿಲ್ವೇನಿಯದ ಲಿಹೈ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಹುಟ್ಟುಹಾಕಿದ ಕೂಟ ಇವರದು. ಮುಂದೆ ಕೌನ್ಸಿಲ್ ಆನ್ ಟಾಲ್ ಬಿಲ್ಡಿಂಗ್ಸ್ ಅಂಡ್ ಅರ್ಬನ್ ಹ್ಯಾಬಿಟಾಟ್ ಎಂಬ ಹೆಸರಿನಲ್ಲಿ ಶಿಕಾಗೊಗೆ ಬಂದು ನೆಲೆಯೂರಿತು. ಯಾರು ಎತ್ತರ, ಯಾರು ಕುಳ್ಳ ಎಂದು ಹೇಳುವುದೂ ಅದೇ, ವರ್ಷಾವರ್ಷ ಪ್ರಶಸ್ತಿ ಹಂಚುವುದೂ ಅದೇ. ಅದರ ಕಾನೂನು ಬಲು ಸರಳ. ಶಿಖರ ಲೆಕ್ಕಕ್ಕುಂಟು, ಆಂಟೆನಾ ಲೆಕ್ಕಕ್ಕಿಲ್ಲ. ಟೀವಿ, ರೇಡಿಯೊ ಪ್ರಸಾರಕ್ಕೆ ಬಳಕೆಯಾಗುವ ಕಂಬಕ್ಕೆ ಬೆಲೆಯಿಲ್ಲ, ಸುಮ್ಮನೆ ನಿಂತ ಕಂಬಕ್ಕೆ ಬೆಲೆಯುಂಟು. ಈ ನಿಯಮ ಗೊತ್ತಾದ ಮೇಲೆ ಜಗತ್ತಿನ ಬಿಲ್ಡರುಗಳೆಲ್ಲ ಏನು ನೆಡತೊಡಗಿದರು ಎಂದು ಬಿಡಿಸಿ ಹೇಳಬೇಕಿಲ್ಲ.

1996ರಲ್ಲಿ ಕ್ವಾಲಾಲಂಪುರದ ಪೆಟ್ರೋನಾಸ್ ಜೋಡಿ ಗೋಪುರಗಳು ಇದೇ ದಾರಿಯಲ್ಲಿ ನಡೆದು ಶಿಕಾಗೊದ ಸಿಯರ್ಸ್ ಟವರನ್ನು (ಇಂದಿನ ವಿಲ್ಲಿಸ್ ಅದೇ) ಹತ್ತು ಮೀಟರಿನಿಂದ ಸೋಲಿಸಿದವು. ಜನ ಓಡಾಡುವ ಕೊನೆಯ ಮಹಡಿ ಸಿಯರ್ಸ್‌ನದೇ ಮೇಲೆ, ಮಾಳಿಗೆಯೂ ಅದರದೇ ಮೇಲೆ. ಆದರೆ ಕಿರೀಟ ಮಾತ್ರ ಮಲೇಷ್ಯಕ್ಕೆ. ಶಿಕಾಗೊದವರು ಬೊಬ್ಬೆ ಹೊಡೆದರು. ಆಗ ಪಂಚರು ಎತ್ತರವನ್ನೇ ನಾಲ್ಕು ಬಗೆ ಮಾಡಿದರು: ಶಿಖರದ ತುದಿ, ಜನ ಇರುವ ಕೊನೆಯ ಮಹಡಿ, ಮಾಳಿಗೆ, ಆಂಟೆನಾ ತುದಿ. ಶಿಖರದ್ದು ಪೆಟ್ರೋನಾಸ್‌ಗೆ, ಮಹಡಿ ಮತ್ತು ಮಾಳಿಗೆಯದು ಸಿಯರ್ಸ್‌ಗೆ, ಆಂಟೆನಾದ್ದು ನ್ಯೂಯಾರ್ಕಿನ ಹಳೆಯ ವರ್ಲ್ಡ್ ಟ್ರೇಡ್ ಸೆಂಟರಿಗೆ. ಯಾರೂ ಬರಿಗೈಲಿ ಮನೆಗೆ ಹೋಗಲಿಲ್ಲ. ನಮ್ಮ ಸಾಹಿತ್ಯ ಸಮ್ಮೇಳನಗಳ ಸನ್ಮಾನ ಸಮಿತಿಯವರು ಇದನ್ನು ಮೊದಲೇ ಕಂಡುಹಿಡಿದಿದ್ದರು ಎಂಬ ಹೆಮ್ಮೆ ನಮಗಿರಲಿ.

ಕಂಬದ ಕಾಳಗ ಹಳೆಯದು. 1929ರಲ್ಲಿ ನ್ಯೂಯಾರ್ಕಿನಲ್ಲಿ ಕ್ರೈಸ್ಲರ್ ಕಟ್ಟಡಕ್ಕೂ 40 ವಾಲ್ ಸ್ಟ್ರೀಟಿಗೂ ಜಿದ್ದು ಬಿದ್ದಿತ್ತು. ಎರಡರ ವಾಸ್ತುಶಿಲ್ಪಿಗಳೂ ಹಿಂದೆ ಒಂದೇ ಆಫೀಸಿನ ಪಾಲುದಾರರು, ಆಮೇಲೆ ಮುಖ ಮುಖ ನೋಡದವರು. ಕ್ರೈಸ್ಲರ್‌ನ ವಿಲಿಯಂ ವ್ಯಾನ್ ಅಲೆನ್ ಗುಟ್ಟಾಗಿ ಕಟ್ಟಡದ ಒಳಗೇ ಉಕ್ಕಿನ ಶಿಖರದ ತುಂಡುಗಳನ್ನು ಜೋಡಿಸಿಟ್ಟುಕೊಂಡರು. ಎದುರಾಳಿ ಗೆದ್ದೆನೆಂದು ಬೀಗುತ್ತಿದ್ದಾಗ, ಅಕ್ಟೋಬರ್ 23ರಂದು, ಅದನ್ನು ಮೇಲೆತ್ತಿ ಕೂರಿಸಿದರು. ಜಗತ್ತಿನಲ್ಲೇ ಅತಿ ಎತ್ತರ! ಮರುದಿನ, ಅಕ್ಟೋಬರ್ 24ರ ಗುರುವಾರ, ಅದೇ ಊರಿನ ಷೇರುಪೇಟೆ ಕುಸಿಯಲು ಶುರುವಾಯಿತು. ಎತ್ತಿದ್ದು ಯಾವುದು, ಇಳಿದದ್ದು ಯಾವುದು ಎಂದು ಊರಿನವರಿಗೆ ಗೊತ್ತಾಗುವಷ್ಟರಲ್ಲಿ, 1931ರಲ್ಲಿ, 381 ಮೀಟರಿನ ಎಂಪೈರ್ ಸ್ಟೇಟ್ ಬಂದು ಕಿರೀಟ ಕಿತ್ತುಕೊಂಡಿತು. ಅದರ ತುದಿಯ ಕಂಬಕ್ಕೆ ಕೊಟ್ಟ ಕಾರಣ ಇನ್ನೂ ಸೊಗಸು. ಅಟ್ಲಾಂಟಿಕ್ ದಾಟಿ ಬರುವ ಆಕಾಶನೌಕೆಗಳನ್ನು ಅಲ್ಲಿ ಕಟ್ಟಿಹಾಕುವುದಂತೆ, ಪ್ರಯಾಣಿಕರು ಅಲ್ಲೇ ಇಳಿದು ಲಿಫ್ಟ್ ಹತ್ತುವುದಂತೆ. ಆ ಗಾಳಿಯಲ್ಲಿ ನೌಕೆ ನಿಲ್ಲುವುದುಂಟೆ? ನೌಕಾ ನಿಲ್ದಾಣದ ಆಸೆ ಬಿಟ್ಟರು, ಕಂಬ ಬಿಡಲಿಲ್ಲ. ಬಾಡಿಗೆದಾರರೂ ಬಾರದೆ ಜನ ಅದನ್ನು ‘ಎಂಪ್ಟಿ ಸ್ಟೇಟ್’ ಎಂದೇ ಕರೆದರು.

ಇಷ್ಟಾದ ಮೇಲೂ ಕೌನ್ಸಿಲಿನವರ ಪ್ರಾಮಾಣಿಕತೆಗೆ ಕೈ ಮುಗಿಯಬೇಕು. 2013ರಲ್ಲಿ ಅವರೇ ಒಂದು ಲೆಕ್ಕ ಹಾಕಿದರು. ಜನ ಕಾಲಿಡುವ ಕೊನೆಯ ಮಹಡಿಯಿಂದ ಶಿಖರದ ತುದಿಯವರೆಗೆ ಎಷ್ಟು ಮೀಟರ್ ಬರೀ ಒಣಜಂಭ? ದುಬೈನ ಬುರ್ಜ್ ಖಲೀಫಾದ 828 ಮೀಟರಿನಲ್ಲಿ 244 ಮೀಟರ್ ಹೀಗೆ ಖಾಲಿ. ಅದೇ ಊರಿನ ಬುರ್ಜ್ ಅಲ್ ಅರಬ್ ಹೋಟೆಲಿನ 321 ಮೀಟರಿನಲ್ಲಿ 124 ಮೀಟರ್, ಅಂದರೆ ನೂರಕ್ಕೆ 39 ಪಾಲು. ಆಗ ಜಗತ್ತಿನಲ್ಲಿ 300 ಮೀಟರ್ ದಾಟಿದ ಕಟ್ಟಡಗಳು 72 ಇದ್ದವು. ಜಂಭ ಕತ್ತರಿಸಿದರೆ ಅವುಗಳಲ್ಲಿ 44 ಕಟ್ಟಡಗಳು 300ಕ್ಕಿಂತ ಕೆಳಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿಯುವವರನ್ನು ನಮ್ಮ ಅಜ್ಜಿಯರು ನೋಡಿದ್ದರು, ಜುಟ್ಟನ್ನೇ ಮೈಯೆತ್ತರಕ್ಕೆ ಸೇರಿಸಿ ಅಳೆದು ಪದಕ ಕೊಡುವವರನ್ನು ನೋಡಿರಲಿಲ್ಲ. ಈ ಲೆಕ್ಕ ಹಾಕುವ ಮೂರು ವರ್ಷ ಮೊದಲು, 2010ರಲ್ಲಿ, ಬುರ್ಜ್ ಖಲೀಫಾಕ್ಕೆ ಇರುವ ಪ್ರಶಸ್ತಿಗಳು ಸಾಲವೆಂದು ‘ಗ್ಲೋಬಲ್ ಐಕಾನ್’ ಎಂಬ ಹೊಸದನ್ನೇ ಸೃಷ್ಟಿಸಿ ಕೊಟ್ಟವರೂ ಇವರೇ.

ಪ್ರಶಸ್ತಿಗಳ ಪಟ್ಟಿಯನ್ನೊಮ್ಮೆ ನೋಡಬೇಕು. 100 ಮೀಟರ್ ಒಳಗಿನ ಅತ್ಯುತ್ತಮ ಕಟ್ಟಡ, 100ರಿಂದ 199, 200ರಿಂದ 299, 300ರಿಂದ 399, ಆಮೇಲೆ 400ಕ್ಕೆ ಮೇಲ್ಪಟ್ಟವು. ಕುಸ್ತಿಯ ಅಖಾಡದಲ್ಲೂ ತೂಕದ ವರ್ಗಗಳಿವೆ, ತಪ್ಪೇನಿಲ್ಲ. ಆಮೇಲೆ ರಚನೆಗೊಂದು, ಹೊರಮೈಗೊಂದು, ಒಳಾಂಗಣಕ್ಕೊಂದು, ಬೆಂಕಿ ಸುರಕ್ಷೆಗೊಂದು, ಅಡಿಪಾಯಕ್ಕೊಂದು, ಹೊಸತನಕ್ಕೊಂದು, ನವೀಕರಣಕ್ಕೊಂದು, ಜೀವಮಾನದ ಸಾಧನೆಗೆ ಎರಡು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ್ದು ಬೇರೆ. ಅದು ಎರಡು ವರ್ಷಕ್ಕೊಮ್ಮೆ ಜಗತ್ತಿನ ಒಂದೇ ಒಂದು ಕಟ್ಟಡಕ್ಕೆ 50,000 ಯೂರೊ ಕೊಡುತ್ತದೆ. 2014ರಲ್ಲಿ ಅದು ಮಿಲಾನಿನ ಬಾಸ್ಕೊ ವರ್ಟಿಕಾಲೆಗೆ ಹೋಯಿತು. ಬಾಲ್ಕನಿಗಳ ತುಂಬ ನೂರಾರು ಮರ ಬೆಳೆಸಿದ ಜೋಡಿ ಗೋಪುರ. ಆ ಮರಗಳ ಕೊಂಬೆ ಸವರಲು ಮಾಳಿಗೆಯಿಂದ ಹಗ್ಗ ಕಟ್ಟಿಕೊಂಡು ಇಳಿಯುವ ಮಾಲಿಗಳಿದ್ದಾರೆ. ನೆಲದ ಮೇಲೆ ಮರ ನೆಟ್ಟಿದ್ದರೆ ಆ ಮಾಲಿಗೆ ಒಂದು ಏಣಿ ಸಾಕಿತ್ತು, ಆದರೆ ಏಣಿಯ ಫೋಟೊ ತೀರ್ಪುಗಾರರ ಕಣ್ಣಿಗೆ ಬೀಳುವುದಿಲ್ಲ.

ಫೋಟೊ ಅಂದೆನಲ್ಲ, ಇಡೀ ವ್ಯವಹಾರದ ಕೀಲು ಅಲ್ಲಿದೆ. ಬಹುಪಾಲು ಪ್ರಶಸ್ತಿಗಳು ಸಿಗುವುದು ಕಟ್ಟಡದ ಗೃಹಪ್ರವೇಶವಾದ ಒಂದೆರಡು ವರ್ಷದಲ್ಲಿ. ಗಾಜು ಹೊಳೆಯುತ್ತಿರುತ್ತದೆ, ಲಿಫ್ಟು ಹೊಸದು, ನಲ್ಲಿ ಇನ್ನೂ ಸೋರುತ್ತಿಲ್ಲ, ಪಾಯದ ಮಣ್ಣು ಇನ್ನೂ ಯೋಚನೆ ಮಾಡುತ್ತಿದೆ. ಸಂಜೆಯ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ತೀರ್ಪುಗಾರರು ನೋಡಿ, ನಗರದೊಂದಿಗೆ ಸಂವಾದ, ಆಕಾಶದೊಂದಿಗೆ ಅನುಸಂಧಾನ ಎಂದೆಲ್ಲ ಷರಾ ಬರೆಯುತ್ತಾರೆ. ಗಾಳಿ, ಬಿಸಿಲು, ಮಣ್ಣು ಎಂಬ ಮೂರು ತೀರ್ಪುಗಾರರು ಆಮೇಲೆ ನಿಧಾನಕ್ಕೆ ಬರುತ್ತಾರೆ. ಅವರಿಗೆ ಪ್ರಯಾಣ ಭತ್ಯೆ ಬೇಕಿಲ್ಲ.

ಗಾಳಿ ಬಂದದ್ದು ಬಾಸ್ಟನ್ನಿಗೆ. ಐ. ಎಂ. ಪೇ ಅವರ ಸಂಸ್ಥೆಯ ವಿನ್ಯಾಸದ 60 ಮಹಡಿಯ ಜಾನ್ ಹ್ಯಾನ್‌ಕಾಕ್ ಟವರ್ ಮೈತುಂಬ ಕನ್ನಡಿ ಹೊದ್ದು ಏಳುತ್ತಿತ್ತು. 1973ರ ಆರಂಭದ ಬಿರುಗಾಳಿಗೆ ಗಾಜಿನ ಹಾಳೆಗಳು ಒಂದೊಂದಾಗಿ ಕಿತ್ತು ಬೀಳತೊಡಗಿದವು. ಒಂದೊಂದರ ತೂಕ ಇನ್ನೂರು ಕಿಲೋ ಮೇಲೆ. ಗಾಳಿ ಜೋರಾದಾಗ ಪೊಲೀಸರು ಸುತ್ತಲಿನ ಬೀದಿಗಳನ್ನೇ ಮುಚ್ಚುತ್ತಿದ್ದರು. ಬಿದ್ದ ಜಾಗಕ್ಕೆಲ್ಲ ಪ್ಲೈವುಡ್ ಹೊಡೆದು, ಊರಿನವರ ಬಾಯಲ್ಲಿ ಅದು ‘ಪ್ಲೈವುಡ್ ಪ್ಯಾಲೇಸ್’ ಆಯಿತು. ಕೊನೆಗೆ 10,344 ಗಾಜುಗಳನ್ನೂ ಬದಲಿಸಿದರು. ಕಟ್ಟಡ ತೂಗಾಡದಂತೆ ಮೇಲಿನ ಮಹಡಿಯಲ್ಲಿ ಭಾರದ ದಿಮ್ಮಿಗಳನ್ನೂ ಕೂರಿಸಬೇಕಾಯಿತು. 1976ರಲ್ಲಿ ಬಾಗಿಲು ತೆರೆಯಿತು. 1977ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ರಾಷ್ಟ್ರೀಯ ಗೌರವ ಕೊಟ್ಟಿತು. ತಲೆಯ ಮೇಲೆ ಗಾಜು ಬೀಳಬಹುದೆಂದು ಬೀದಿಯ ಆಚೆ ಬದಿಯಲ್ಲಿ ನಡೆದ ಬಾಸ್ಟನ್ನಿನ ಜನರಿಗೆ ಒಂದು ಶಾಲು ಕೂಡ ಹೊದಿಸಲಿಲ್ಲ.

ಬಿಸಿಲು ಬಂದದ್ದು ಲಂಡನ್ನಿಗೆ. ಸೂರ್ಯನೇ ಅಪರೂಪವಾದ ಆ ಊರಿನಲ್ಲಿ 20 ಫೆಂಚರ್ಚ್ ಸ್ಟ್ರೀಟ್ ಎಂಬ ಕಟ್ಟಡವನ್ನು ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ ಮೇಲೆ ಅಗಲ, ಕೆಳಗೆ ಕಿರಿದು ಮಾಡಿ, ಒಂದು ಮುಖವನ್ನು ಒಳಕ್ಕೆ ಬಾಗಿಸಿದರು. ಮೇಲೆ ಅಗಲವಾದಷ್ಟೂ ಬಾಡಿಗೆ ಜಾಸ್ತಿ, ಸರಳ ಗಣಿತ. 2013ರ ಬೇಸಿಗೆಯ ಕೊನೆಯಲ್ಲಿ ಆ ಬಾಗಿದ ಗಾಜು ಬಿಸಿಲನ್ನೆಲ್ಲ ಒಟ್ಟುಮಾಡಿ ಎದುರಿನ ಬೀದಿಗೆ ಸುರಿಯಿತು. ಅಲ್ಲಿ ನಿಂತಿದ್ದ ಜಾಗ್ವಾರ್ ಕಾರಿನ ಕನ್ನಡಿ, ಲಾಂಛನ ಕರಗಿ ಸೊಟ್ಟಗಾದವು. ರಿಪೇರಿಗೆ 946 ಪೌಂಡ್ ತೆತ್ತರು. ಪತ್ರಕರ್ತನೊಬ್ಬ ಬಾಣಲೆ ತಂದು ಫುಟ್‌ಪಾತಿನ ಮೇಲಿಟ್ಟು ಮೊಟ್ಟೆ ಒಡೆದು ಹಾಕಿದ, ಅದು ಬೆಂದಿತು. ಇದೇ ವಿನ್ಯೋಲಿಯವರ ಲಾಸ್ ವೇಗಾಸ್ ಹೋಟೆಲ್ ಅದಕ್ಕೂ ಮುಂಚೆ ಈಜುಕೊಳದ ಬಳಿ ಮಲಗಿದ್ದ ಅತಿಥಿಗಳನ್ನು ಸುಟ್ಟಿತ್ತು. ಒಂದೇ ಪ್ರಯೋಗವನ್ನು ಎರಡು ಖಂಡಗಳಲ್ಲಿ ಮಾಡಿ ತೋರಿಸಿದ ವಿಜ್ಞಾನಿಗಳು ಎಷ್ಟು ಮಂದಿ? 2015ರಲ್ಲಿ ಆ ಕಟ್ಟಡಕ್ಕೂ ಒಂದು ಪ್ರಶಸ್ತಿ ಬಂತು. ಬ್ರಿಟನ್ನಿನ ವರ್ಷದ ಕೆಟ್ಟ ಕಟ್ಟಡಕ್ಕೆ ಕೊಡುತ್ತಿದ್ದ ಕಾರ್ಬಂಕಲ್ ಕಪ್. ಈ ಇಡೀ ಲೋಕದಲ್ಲಿ ನಾನು ಕಂಡ ಅತ್ಯಂತ ನಿಷ್ಪಕ್ಷಪಾತ ಪ್ರಶಸ್ತಿ ಅದೊಂದೇ.

ಮಣ್ಣು ಬಂದದ್ದು ಸ್ಯಾನ್ ಫ್ರಾನ್ಸಿಸ್ಕೊಗೆ. 2009ರಲ್ಲಿ ಮುಗಿದ 58 ಮಹಡಿಯ ಮಿಲೇನಿಯಂ ಟವರ್ ಸಿರಿವಂತರ ವಿಳಾಸ. ಎಂಜಿನಿಯರಿಂಗಿನದೂ ಸೇರಿ ಹಲವು ಪ್ರಶಸ್ತಿಗಳ ಹಾರ ಕೊರಳಿಗೆ ಬಿತ್ತು. ಭಾರ ಹೆಚ್ಚಾಯಿತೋ ಏನೋ, 2016ರ ಹೊತ್ತಿಗೆ ಕಟ್ಟಡ 16 ಇಂಚು ನೆಲಕ್ಕಿಳಿದು ಒಂದು ಬದಿಗೆ ವಾಲಿದ್ದು ಬಯಲಾಯಿತು. ಪಾಯದ ಕಂಬಗಳು ತಳದ ಬಂಡೆಯವರೆಗೆ ಹೋಗಿರಲಿಲ್ಲ, ಮೇಲಿನ ಮರಳು ಪದರದಲ್ಲೇ ನಿಂತಿದ್ದವು. ತಪ್ಪು ನಿಮ್ಮದು, ನಮ್ಮದಲ್ಲ ಎಂದು ಎಲ್ಲರೂ ಎಲ್ಲರ ಮೇಲೂ ಕೇಸು ಹಾಕಿದರು. ಸುಮಾರು ಹತ್ತು ಕೋಟಿ ಡಾಲರಿನ ರಿಪೇರಿ ಶುರುವಾಯಿತು, ರಿಪೇರಿ ಮಾಡುತ್ತಿದ್ದಾಗಲೇ ಕಟ್ಟಡ ಇನ್ನಷ್ಟು ಇಳಿದು 2021ರಲ್ಲಿ ಕೆಲಸ ನಿಲ್ಲಿಸಬೇಕಾಯಿತು. ಕೊನೆಗೆ ಬಂಡೆಗೆ ತಾಗುವಂತೆ 18 ಕಂಬ ಇಳಿಸಿ 2023ರಲ್ಲಿ ಮುಗಿಸಿದರು. ಕೊಟ್ಟ ಪದಕವನ್ನು ಯಾವ ಸಂಸ್ಥೆಯಾದರೂ 16 ಇಂಚು ಕೆಳಗಿಳಿಸಿತೇ? ಇಲ್ಲ.

ಹತ್ತು ವರ್ಷ ಬಾಳಿದ ಮೇಲೆ ಕೊಡುವ ಪ್ರಶಸ್ತಿ ಒಂದೂ ಇಲ್ಲವೇ ಎನ್ನುತ್ತೀರಾ? ಇದೆ. ಕೌನ್ಸಿಲಿನವರು 2013ರಲ್ಲಿ ಅದನ್ನು ಲಂಡನ್ನಿನ ಸೌತೆಕಾಯಿ ಆಕಾರದ 30 ಸೇಂಟ್ ಮೇರಿ ಆ್ಯಕ್ಸ್‌ಗೆ ಕೊಟ್ಟರು. 2004ರಲ್ಲೇ ಅದಕ್ಕೆ ಬ್ರಿಟನ್ನಿನ ದೊಡ್ಡ ಪ್ರಶಸ್ತಿ ಸ್ಟರ್ಲಿಂಗ್ ಬಂದಿತ್ತು. 2005ರಲ್ಲಿ ಅದರ 28ನೇ ಮಹಡಿಯ ಗಾಜೊಂದು ಕಿತ್ತು ಕೆಳಗೆ ಬಿದ್ದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಉದ್ದೇಶ ಒಳ್ಳೆಯದೇ, ಹತ್ತು ವರ್ಷ ಕಾಯುವ ಈ ಒಂದು ಪ್ರಶಸ್ತಿಗೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಹತ್ತು ವರ್ಷದ ಹಿಂದಿನ ಕಟ್ಟಡದ ಫ್ಲಾಟುಗಳು ಮಾರಿಹೋಗಿರುತ್ತವೆ. ಪ್ರಶಸ್ತಿಯನ್ನು ಜಾಹೀರಾತಿಗೆ ಹಾಕಲು ಯಾರಿಗೂ ಅವಸರವಿಲ್ಲ. ಹಾಗಾಗಿ ಅದಕ್ಕೆ ಸಿಗುವ ಚಪ್ಪಾಳೆಯೂ ಅಷ್ಟಕ್ಕಷ್ಟೇ.

ಎತ್ತರದ ಕಟ್ಟಡ ಕಟ್ಟುವುದು ಹುಡುಗಾಟ ಅಂತ ನಾನು ಹೇಳುತ್ತಿಲ್ಲ. ಢಾಕಾದಲ್ಲಿ ಹುಟ್ಟಿ ಶಿಕಾಗೊದಲ್ಲಿ ದುಡಿದ ಫಜ್ಲುರ್ ಖಾನ್ ಕಟ್ಟಡದ ಹೊರಮೈಯನ್ನೇ ಗಾಳಿಗೆ ಎದೆಕೊಡುವ ಕೊಳವೆ ಮಾಡಿ, ಹಿಂದಿನವರಿಗಿಂತ ಎಷ್ಟೋ ಕಡಿಮೆ ಉಕ್ಕಿನಲ್ಲಿ ನೂರು ಮಹಡಿ ನಿಲ್ಲಿಸಿದರು. 1974ರಲ್ಲಿ ಮುಗಿದ ಸಿಯರ್ಸ್ ಟವರ್ ಅಂಥ ಒಂಬತ್ತು ಕೊಳವೆಗಳ ಕಟ್ಟು. 1982ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲೂ ಒಂದು ಪದಕವಿದೆ, ಅದಕ್ಕೆ ತಕರಾರಿಲ್ಲ. ಆದರೆ ಈ ವೃತ್ತಿಯ ದೊಡ್ಡ ಸಾಹಸವೊಂದು ಯಾವ ವೇದಿಕೆಯ ಮೇಲೂ ನಡೆಯಲಿಲ್ಲ. ನ್ಯೂಯಾರ್ಕಿನ 59 ಮಹಡಿಯ ಸಿಟಿಕಾರ್ಪ್ ಸೆಂಟರ್ 1977ರಲ್ಲಿ ಮುಗಿದಿತ್ತು. ಮರುವರ್ಷ ಎಂಜಿನಿಯರ್ ವಿಲಿಯಂ ಲೆಮೆಶೂರಿಯರ್ ಲೆಕ್ಕ ತಿರುವಿಹಾಕಿದಾಗ, ಮೂಲೆಯಿಂದ ಬೀಸುವ ಬಿರುಗಾಳಿಗೆ ಕೀಲುಗಳು ತಡೆಯಲಾರವು ಎಂದು ಗೊತ್ತಾಯಿತು. ಬೆಸುಗೆ ಹಾಕಬೇಕಾದಲ್ಲಿ ಬೋಲ್ಟು ಬಿಗಿದಿದ್ದರು. ಅವರು ಮುಚ್ಚಿಡದೆ ಮಾಲೀಕರಿಗೆ ಹೇಳಿದರು. ಆಮೇಲೆ ವಾರಗಟ್ಟಲೆ ರಾತ್ರಿಯಿಡೀ ಬೆಸುಗೆಗಾರರು ಒಳಗೆ ಕಿಡಿ ಹಾರಿಸುತ್ತಾ ಉಕ್ಕಿನ ಪಟ್ಟಿ ಜೋಡಿಸಿದರು, ಬೆಳಗಾದರೆ ನೌಕರರು ಬಂದು ಅದೇ ಕುರ್ಚಿಗಳಲ್ಲಿ ಕೂರುತ್ತಿದ್ದರು. ಆಗ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಮುಷ್ಕರ, ಸುದ್ದಿಯಾಗಲಿಲ್ಲ. ಊರಿಗೆ ವಿಷಯ ತಿಳಿದದ್ದು 1995ರಲ್ಲಿ. ಒಳಗೆ ಕೂತವರಿಗೆ ಅಪಾಯ ತಿಳಿಸದೆ ಇದ್ದದ್ದು ತಪ್ಪೇ. ಆದರೂ ಆ ಬೆಸುಗೆಗಾರರ ಒಂದು ರಾತ್ರಿಯ ಕೆಲಸ ಹತ್ತು ಹೊರಮೈ ಪ್ರಶಸ್ತಿಗಳಿಗೆ ಸಮ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ.

ಇನ್ನು ನಮ್ಮ ಬೆಂಗಳೂರು. ಪತ್ರಿಕೆಯ ಮುಖಪುಟ ಮುಚ್ಚುವ ಜಾಹೀರಾತಿನಲ್ಲಿ ‘ಪ್ರಶಸ್ತಿ ವಿಜೇತ’ ಅಲ್ಲದ ಟವರ್ ಯಾವುದಾದರೂ ಕಂಡರೆ ನನಗೂ ತಿಳಿಸಿ. ವೈಟ್‌ಫೀಲ್ಡ್ ಕಡೆಯ ಅಂಥದೊಂದರ ಲಾಬಿಯಲ್ಲಿ ಗೆಳೆಯನಿಗಾಗಿ ಕಾಯುತ್ತಾ ಕೂತಿದ್ದೆ. ಗಾಜಿನ ಬೀರುವಿನಲ್ಲಿ ಸಾಲು ಸಾಲು ಟ್ರೋಫಿ. ಒಂದರ ಮೇಲೆ ಸುಸ್ಥಿರ ವಸತಿಯಲ್ಲಿ ಶ್ರೇಷ್ಠತೆ ಎಂದು ಕೊರೆದಿತ್ತು.

‘ಇದು ಯಾರು ಕೊಟ್ಟಿದ್ದಪ್ಪಾ?’ ಎಂದು ಸೆಕ್ಯುರಿಟಿಯವನನ್ನು ಕೇಳಿದೆ.

‘ಗೊತ್ತಿಲ್ಲ ಸಾರ್. ದಿನಾ ಧೂಳು ಒರೆಸೋದು ನಾನೇ. ಆ ಕಾರು ನಿಮ್ದಾ? ಸ್ವಲ್ಪ ಹಿಂದಕ್ಕೆ ತಗೊಳ್ಳಿ ಸಾರ್, ನೀರಿನ ಟ್ಯಾಂಕರ್ ಬಂತು.’

‘ಎಷ್ಟು ಟ್ಯಾಂಕರ್ ಬರುತ್ತೆ?’

‘ಲೆಕ್ಕ ಇಡೋ ಪುಸ್ತಕ ಬೇರೆ ಇದೆ ಸಾರ್. ನೀವು ಎಷ್ಟನೇ ಫ್ಲೋರು? ಹದಿನೆಂಟಾ? ಆ ಲಿಫ್ಟ್ ಬೇಡ, ಈ ಕಡೇದಕ್ಕೆ ಕಾಯಿರಿ. ಅದು ಒಂಬತ್ತರಲ್ಲಿ ನಿಂತುಬಿಡುತ್ತೆ.’

ಶ್ರೇಷ್ಠತೆಯ ವಿಷಯದಲ್ಲಿ ಅವನಿಗಿರುವ ಜ್ಞಾನ ಯಾವ ತೀರ್ಪುಗಾರ ಸಮಿತಿಗೂ ಇಲ್ಲ. ಅವನನ್ನು ಯಾರೂ ಸಮಿತಿಗೆ ಕರೆಯುವುದಿಲ್ಲ.

ಸರ್ಕಾರವೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಹೆಮ್ಮಿಗೆಪುರದಲ್ಲಿ 250 ಮೀಟರ್ ಎತ್ತರದ ಸ್ಕೈಡೆಕ್ ಕಟ್ಟಲು 2024ರ ಆಗಸ್ಟಿನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದಾಜು 500 ಕೋಟಿ ರೂಪಾಯಿ. ಯಾರೂ ವಾಸಿಸುವುದಿಲ್ಲ, ಯಾರೂ ಕೆಲಸ ಮಾಡುವುದಿಲ್ಲ. ಮೇಲೆ ಹತ್ತಿ ಟ್ರಾಫಿಕ್ ನೋಡಿ ಇಳಿಯಬೇಕು. ದುಬೈನವರು ಎಷ್ಟೇ ಒದ್ದಾಡಿದರೂ ಜಂಭವನ್ನು ನೂರಕ್ಕೆ 39ರ ಮೇಲೆ ಏರಿಸಲಾಗಲಿಲ್ಲ. ನಾವು ಮನಸ್ಸು ಮಾಡಿದರೆ ಹೆಚ್ಚುಕಡಿಮೆ ನೂರಕ್ಕೆ ನೂರು. ಅಂದಹಾಗೆ, ರಾಜ್ಯದ ಅಗ್ನಿಶಾಮಕ ದಳದ ಅತಿ ಎತ್ತರದ ಏಣಿ ಮುಟ್ಟುವುದು 90 ಮೀಟರ್. ಅದರ ಮೇಲೆ ಇರುವವರಿಗೆ ಮೆಟ್ಟಿಲು, ಸ್ಪ್ರಿಂಕ್ಲರು, ದೇವರು.

ಹಾಗಾಗಿ ಹೊಸ ಪ್ರಶಸ್ತಿಗಳ ಪಟ್ಟಿಯೊಂದನ್ನು ಪ್ರಸ್ತಾಪಿಸುತ್ತಿದ್ದೇನೆ, ಪ್ರವೇಶ ಶುಲ್ಕವಿಲ್ಲ. ಕರೆಂಟು ಹೋದಾಗ ಎಷ್ಟು ಸೆಕೆಂಡಿನಲ್ಲಿ ಲಿಫ್ಟು ಮತ್ತೆ ಹೊರಟಿತು ಎಂಬುದಕ್ಕೊಂದು. ಮೇಲಿನ ಬಚ್ಚಲಿನ ನೀರು ಕೆಳಗಿನ ದೇವರ ಕೋಣೆಗೆ ಇಳಿಯದ ಕಟ್ಟಡಕ್ಕೊಂದು. ಬೆಂಕಿ ಮೆಟ್ಟಿಲಿನಲ್ಲಿ ಹಳೆ ಸೋಫಾ, ತುಕ್ಕು ಹಿಡಿದ ಸೈಕಲ್ಲು ತುಂಬದೆ ಇರುವುದಕ್ಕೊಂದು. ಪಕ್ಕದ ವಠಾರದ ಅಂಗಳಕ್ಕೆ ಬಿಸಿಲು ಉಳಿಸಿದ್ದಕ್ಕೊಂದು. ಹತ್ತನೇ ಮಳೆಗಾಲ ಮುಗಿದ ಮೇಲೆ ಮಾತ್ರ ಅರ್ಜಿ. ತೀರ್ಪುಗಾರರು: ಒಬ್ಬ ಪ್ಲಂಬರ್, ಒಬ್ಬ ಲಿಫ್ಟ್ ಮೆಕ್ಯಾನಿಕ್, ಒಬ್ಬ ಅಗ್ನಿಶಾಮಕ, ಮೇಲಿನ ಮಹಡಿಗಳಿಗೆ ದಿನವೂ ಪಾತ್ರೆ ತೊಳೆಯಲು ಹೋಗುವ ಒಬ್ಬ ಹೆಂಗಸು. ಫೋಟೊ ಕಳಿಸಿದವರ ಅರ್ಜಿ ಅಲ್ಲೇ ತಿರಸ್ಕೃತ.

ಇದೆಲ್ಲ ಆಗುವುದಿಲ್ಲವೆಂದು ನನಗೂ ಗೊತ್ತು. ಆದ್ದರಿಂದ ಫ್ಲಾಟ್ ಕೊಳ್ಳಲು ಹೊರಟವರಿಗೆ ಒಂದೇ ಮಾತು. ಬ್ರೋಷರಿನ ಪ್ರಶಸ್ತಿ ಪುಟವನ್ನು ಮಡಿಸಿಟ್ಟು ಮೊದಲು ನಾಲ್ಕು ಕಾಗದ ಕೇಳಿ: ಕಟ್ಟಡ ವಾಸಯೋಗ್ಯವೆಂಬ ಓಸಿ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಮಣ್ಣು ಪರೀಕ್ಷೆಯ ವರದಿ, ನೀರು ಎಲ್ಲಿಂದ ಬರುತ್ತದೆ ಎಂಬುದರ ದಾಖಲೆ. ಯೋಜನೆಯ ವಿವರವನ್ನು ರೇರಾ ವೆಬ್‌ಸೈಟಿನಲ್ಲಿ ನೀವೇ ತಾಳೆ ನೋಡಿ. ಒಂದು ಸಂಜೆ ಅದೇ ಬಿಲ್ಡರ್ ಹತ್ತು ವರ್ಷದ ಹಿಂದೆ ಕಟ್ಟಿದ ಅಪಾರ್ಟ್‌ಮೆಂಟಿಗೆ ಹೋಗಿ, ಗೇಟಿನಲ್ಲಿ ನಿಂತ ಸೆಕ್ಯುರಿಟಿಯವನ ಜೊತೆ ಅರ್ಧ ಗಂಟೆ ಮಾತಾಡಿ ಬನ್ನಿ. ಇಷ್ಟೂ ಆದ ಮೇಲೆ, ಪುರುಸೊತ್ತು ಉಳಿದಿದ್ದರೆ, ಪ್ರಶಸ್ತಿಗಳ ಪಟ್ಟಿ ಓದಿಕೊಳ್ಳಿ.